ಟೆನ್ಷನ್ ಆದಾಗ ಏನು ನೋಡಬೇಕು, ಹೇಗೆ ನೋಡಬೇಕು

"ಈ ಚಿತ್ರ ತಿರುಗಿದ ಹಾಗೆ ಕಂಡರೆ ನಿಮಗೆ ಸ್ಟ್ರೆಸ್ ಜಾಸ್ತಿ, ನಿಂತ ಹಾಗೆ ಕಂಡರೆ ನೀವು ಆರಾಮ" ಅಂತ ಒಂದು ಚಿತ್ರ ವಾಟ್ಸಾಪ್‌ನಲ್ಲಿ ಆಗಾಗ ಸುತ್ತು ಹೊಡೆಯುತ್ತಿರುತ್ತದೆ. ನಿಮಗೂ ಬಂದಿರುತ್ತದೆ. ಕೆಳಗೆ ಜಪಾನಿನ ಯಮಾಮೊಟೊ ಅನ್ನುವ ಡಾಕ್ಟರ ಹೆಸರು ಬೇರೆ. ಅದು ಪೂರ್ತಿ ಬುರುಡೆ. ಆ ಚಿತ್ರ ಮಾಡಿದವರು ಉಕ್ರೇನಿನ ಡಿಸೈನರ್ ಯೂರಿ ಪೆರೆಪಾದ್ಯಾ. 2016ರಲ್ಲಿ ಇಲಸ್ಟ್ರೇಟರ್ ಸಾಫ್ಟ್‌ವೇರ್‌ನಲ್ಲಿ ಮಾಡಿದ್ದು. ಅಂಥ ಯಮಾಮೊಟೊ ಯಾರೂ ಇಲ್ಲ ಅಂತ ಆಮೇಲೆ ಅವರೇ ಹೇಳಿದರು. ಬಣ್ಣದ ಹಿನ್ನೆಲೆ ಮೇಲೆ ಕಪ್ಪು ಬಿಳಿ ಅಂಚನ್ನು ಒಂದು ಲೆಕ್ಕದಲ್ಲಿ ಕೂರಿಸಿದರೆ ಹೆಚ್ಚಿನವರ ಕಣ್ಣಿಗೆ ಚಿತ್ರ ಅಲುಗಾಡಿದ ಹಾಗೆ ಕಾಣುತ್ತದೆ. ಈ ವಿದ್ಯೆಗೆ ಹೆಸರಾದವರು ಜಪಾನಿನ ಮನಶ್ಶಾಸ್ತ್ರಜ್ಞ ಅಕಿಯೋಶಿ ಕಿಟಾವೊಕಾ. ನಿಮ್ಮ ಟೆನ್ಷನ್‌ಗೂ ಅದಕ್ಕೂ ಸಂಬಂಧವೇ ಇಲ್ಲ.

ಚಿತ್ರ ನೋಡಿ ಟೆನ್ಷನ್ ಅಳೆಯೋಕೆ ಆಗಲ್ಲ. ಆದರೆ ಚಿತ್ರ ನೋಡಿ ಟೆನ್ಷನ್ ಸ್ವಲ್ಪ ಇಳಿಸಿಕೊಳ್ಳಬಹುದು. ಅದು ನಿಜ. ಹೇಗೆ ಅಂತ ಬರೆಯುತ್ತೇನೆ.

ಹಾಸನದ ಬಿ.ಎಂ. ರಸ್ತೆ ಹತ್ತಿರ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಬಿಲ್ ಬುಕ್ಕು, ಗೃಹಪ್ರವೇಶದ ಕಾರ್ಡು, ಎಲ್ಲಕ್ಕಿಂತ ಜಾಸ್ತಿ ಫ್ಲೆಕ್ಸು. ಅಂದರೆ ದಾರಿಯಲ್ಲಿ ಹೋಗುವವರ ಕಣ್ಣನ್ನು ಹಿಡಿದು ಎಳೆಯುವುದೇ ನನ್ನ ಹೊಟ್ಟೆಪಾಡು. ಹಳದಿ ಮೇಲೆ ಕೆಂಪು ಅಕ್ಷರ, ಅಕ್ಷರಕ್ಕೆ ಬಿಳಿ ಔಟ್‌ಲೈನ್, ಅದರ ಹೊರಗೆ ಕಪ್ಪು ನೆರಳು, ಕೆಳಗೆ ಸಾಲಾಗಿ ಶುಭ ಕೋರುವವರ ಮುಖಗಳು. ಚುನಾವಣೆ ಬಂದರೆ ಅಥವಾ ಮದುವೆ ಸೀಸನ್ ಶುರುವಾದರೆ ಬೆಳಿಗ್ಗೆಯಿಂದ ರಾತ್ರಿವರೆಗೆ ಇದೇ. "ಅಕ್ಕ, ಹೆಸರು ಇನ್ನೂ ಎದ್ದು ಕಾಣ್ಬೇಕು" ಅನ್ನುವ ಮಾತು ಕೇಳಿ ಕೇಳಿ ನನಗೆ ಗೊತ್ತಾಗಿದ್ದು ಏನಪ್ಪಾ ಅಂದರೆ, ಕಣ್ಣನ್ನು ರೇಗಿಸುವುದಕ್ಕೆ ಏನೇನು ಮಾಡುತ್ತೇವೋ ಅದನ್ನೆಲ್ಲ ತೆಗೆದುಹಾಕಿದರೆ ಸಮಾಧಾನ ಕೊಡುವ ಚಿತ್ರ ಉಳಿಯುತ್ತದೆ.

ಮೊದಲು, ಇದು ಕೆಲಸ ಮಾಡುವುದು ಯಾಕೆ ಅಂತ ಸ್ವಲ್ಪ ನೋಡೋಣ. 1984ರಲ್ಲಿ ಅಮೆರಿಕದ ರೋಜರ್ ಉಲ್ರಿಚ್ ಅನ್ನುವವರು ಒಂದು ಅಧ್ಯಯನ ಪ್ರಕಟಿಸಿದರು. ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆ. ಪಿತ್ತಕೋಶದ ಆಪರೇಷನ್ ಆದ 46 ಜನರ ದಾಖಲೆ ತೆಗೆದು ನೋಡಿದರು. 23 ಜನರ ಕಿಟಕಿಯಿಂದ ಮರ ಕಾಣುತ್ತಿತ್ತು, ಉಳಿದ 23 ಜನರಿಗೆ ಇಟ್ಟಿಗೆ ಗೋಡೆ. ಮರ ಕಾಣುತ್ತಿದ್ದವರು ಸ್ವಲ್ಪ ಬೇಗ ಮನೆಗೆ ಹೋಗಿದ್ದರು, ಜೋರಾದ ನೋವಿನ ಔಷಧಿಯೂ ಅವರಿಗೆ ಕಡಿಮೆ ಸಾಕಾಗಿತ್ತು. ಸಣ್ಣ ಅಧ್ಯಯನ, ಆದರೆ ಆಸ್ಪತ್ರೆ ಕಟ್ಟುವವರು ಇವತ್ತಿಗೂ ಅದರ ಮಾತೆತ್ತುತ್ತಾರೆ. ನಮ್ಮ ಕಡೆ ಇನ್ನೂ ತಲುಪಿಲ್ಲ ಅನಿಸುತ್ತೆ. ಒಂದು ಕ್ಲಿನಿಕ್ಕಿನವರು ರೋಗಿಗಳು ಕಾಯುವ ಜಾಗಕ್ಕೆ ಹಾಕಲು ನನ್ನ ಹತ್ತಿರ ಪ್ರಿಂಟ್ ಮಾಡಿಸಿದ್ದು ಕೊಳೆತ ಲಿವರ್, ಕಪ್ಪಾದ ಶ್ವಾಸಕೋಶದ ಚಿತ್ರಗಳು. ಎರಡಡಿ ಬೈ ಮೂರಡಿ, ಫುಲ್ ಕಲರ್. ಬಿಪಿ ನೋಡಿಸಿಕೊಳ್ಳಲು ಬಂದವರಿಗೆ ಅಲ್ಲೇ ಬಿಪಿ ಏರಬೇಕು.

ಮಿಷಿಗನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರಾದ ರೇಚಲ್ ಮತ್ತು ಸ್ಟೀಫನ್ ಕಪ್ಲಾನ್ ದಂಪತಿ ಹೇಳಿದ್ದು ನನಗೆ ಇನ್ನೂ ಚೆನ್ನಾಗಿ ಅರ್ಥವಾಯಿತು. ಲೆಕ್ಕ ಬರೆಯುವಾಗ, ಗಾಡಿ ಓಡಿಸುವಾಗ, ಪ್ರೂಫ್ ನೋಡುವಾಗ ನಾವು ಬಲವಂತವಾಗಿ ಗಮನ ಇಡುತ್ತೇವೆ. ಅದು ಸುಸ್ತಾಗುತ್ತದೆ. ಎಲೆ ಅಲ್ಲಾಡುವುದು, ಮೋಡ ಹೋಗುವುದು, ನೀರು ಹರಿಯುವುದು ನೋಡುವಾಗ ಗಮನ ತಾನಾಗಿ ಹೋಗುತ್ತದೆ, ಆದರೆ ಯಾರೂ ಕಟ್ಟಿಹಾಕಿರುವುದಿಲ್ಲ. ಆ ಹೊತ್ತಿನಲ್ಲಿ ದಣಿದ ಗಮನ ಸುಧಾರಿಸಿಕೊಳ್ಳುತ್ತದೆ. ಗೂಟಕ್ಕೆ ಕಟ್ಟಿದ ಹಸುವನ್ನು ಹಗ್ಗ ಬಿಚ್ಚಿ ಮೇಯಲು ಬಿಟ್ಟ ಹಾಗೆ.

ಹಾಗಾಗಿ ಚಿತ್ರ ಆರಿಸುವಾಗ ಮೊದಲು ನೋಡಬೇಕಾದದ್ದು "ಚೆನ್ನಾಗಿದೆಯಾ" ಅಂತ ಅಲ್ಲ. ಕಣ್ಣಿಗೆ ಅದರಲ್ಲಿ ಓಡಾಡಲು ಜಾಗ ಇದೆಯಾ ಅಂತ. ಖಾಲಿ ನೀಲಿ ಹಾಳೆ ಇಟ್ಟರೆ ಕಣ್ಣಿಗೆ ಕೆಲಸ ಇಲ್ಲ, ಮನಸ್ಸು ನೇರ ಸಾಲದ ಕಂತಿಗೆ ಹೋಗುತ್ತದೆ. ಸಂತೆಯ ಫೋಟೋ ಇಟ್ಟರೆ ಕೆಲಸ ಜಾಸ್ತಿಯಾಯಿತು. ನಡುವಿನದು ಬೇಕು. ಒರೆಗಾನ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ರಿಚರ್ಡ್ ಟೇಲರ್ ಇದನ್ನೇ ಅಳತೆ ಮಾಡಿ ನೋಡಿದವರು. ದೊಡ್ಡ ಆಕಾರದೊಳಗೆ ಅದೇ ಆಕಾರ ಚಿಕ್ಕದಾಗಿ, ಅದರೊಳಗೆ ಇನ್ನೂ ಚಿಕ್ಕದಾಗಿ ಬರುವ ವಿನ್ಯಾಸಕ್ಕೆ ಫ್ರ್ಯಾಕ್ಟಲ್ ಅಂತಾರೆ. 1975ರಲ್ಲಿ ಬೆನುವಾ ಮ್ಯಾಂಡೆಲ್‌ಬ್ರಾಟ್ ಇಟ್ಟ ಹೆಸರು. ಮರದ ಕೊಂಬೆ, ಮೋಡ, ನದಿಯ ಕವಲು ಎಲ್ಲ ಇದೇ ಜಾತಿ. ತುಂಬಾ ಸರಳವೂ ಅಲ್ಲದ, ತುಂಬಾ ಗಿಜಿಗಿಜಿಯೂ ಅಲ್ಲದ ಮಧ್ಯಮ ಫ್ರ್ಯಾಕ್ಟಲ್‌ಗಳನ್ನು ಜನ ಹೆಚ್ಚು ಇಷ್ಟಪಡುತ್ತಾರೆ, ನೋಡುವಾಗ ಮೈಯ ಒತ್ತಡವೂ ಕಡಿಮೆಯಾಗುತ್ತದೆ ಅನ್ನುವುದು ಟೇಲರ್ ಅವರ ತಂಡ ಕಂಡುಕೊಂಡದ್ದು.

ಇದನ್ನು ಹುಡುಕಿಕೊಂಡು ನಾವೇನೂ ದೂರ ಹೋಗಬೇಕಿಲ್ಲ. ಮಳೆಗಾಲದಲ್ಲಿ ಸಕಲೇಶಪುರದ ಕಡೆ ರಸ್ತೆ ಬದಿಯ ಧರೆಯಲ್ಲಿ ಜರಿ ಗಿಡ (ಫರ್ನ್) ಬೆಳೆದಿರುತ್ತಲ್ಲ, ಅದರ ಒಂದು ಎಲೆ ಹತ್ತಿರದಿಂದ ನೋಡಿ. ನಡುವೆ ಒಂದು ದಂಟು. ಎರಡೂ ಕಡೆ ಗರಿ. ಪ್ರತಿ ಗರಿಯೂ ಒಂದು ಸಣ್ಣ ಜರಿ ಎಲೆಯೇ, ಅದರ ಎರಡೂ ಕಡೆ ಮತ್ತೆ ಪುಟ್ಟ ಗರಿ. ತುದಿಗೆ ಹೋಗುತ್ತಾ ಎಲ್ಲ ಸಣ್ಣದಾಗುತ್ತದೆ, ಕೊನೆಗೆ ಯಾವುದು ಗರಿ ಯಾವುದು ಅಂಚು ಅಂತ ಗೊತ್ತಾಗುವುದಿಲ್ಲ. ಎಳೆಯದಾದರೆ ತುದಿ ಸುರುಳಿ ಸುತ್ತಿಕೊಂಡಿರುತ್ತದೆ. ಮೊಬೈಲಿನಲ್ಲೇ ಒಂದು ಫೋಟೋ ತೆಗೆಯಿರಿ. ಬಿಸಿಲಲ್ಲಿ ಬೇಡ, ಮೋಡ ಇದ್ದಾಗ ತೆಗೆದರೆ ಬೆಳಕು ಎಲ್ಲ ಕಡೆ ಸಮ ಬೀಳುತ್ತದೆ. ಹಿಂದೆ ರಸ್ತೆ, ಕಸ, ಬೋರ್ಡು ಬರದ ಹಾಗೆ ನೋಡಿಕೊಳ್ಳಿ.

ನಾನು ಕೇಳಿದವರಿಗೆಲ್ಲ ಪ್ರಿಂಟ್ ಹಾಕಿ ಕೊಡುವ ಇನ್ನೊಂದು ಬಗೆ ಅಂದರೆ ಕಾಫಿ ಒಣಗಿಸುವ ಕಣ. ಕೊಯ್ಲಿನ ಸಮಯದಲ್ಲಿ ಹಣ್ಣು ಹರಡಿ, ಮರದ ಹಲಗೆಯಿಂದ ಎಳೆದು ಸಣ್ಣ ಸಣ್ಣ ಏರಿಯಾಗಿ ಬಿಟ್ಟಿರುತ್ತಾರೆ. ಮೇಲಿನಿಂದ ನೋಡಿದರೆ ಕಂದು ಬಣ್ಣದ ಗೆರೆಗಳು, ಕೈಯಿಂದ ಎಳೆದದ್ದಾದ್ದರಿಂದ ಅಲ್ಲಲ್ಲಿ ಸ್ವಲ್ಪ ಸೊಟ್ಟ. ಆ ಸೊಟ್ಟ ಇರಬೇಕು. ಕಂಪ್ಯೂಟರಿನಲ್ಲಿ ಕಾಪಿ ಪೇಸ್ಟ್ ಮಾಡಿದ ಗೆರೆಗಳನ್ನು ಕಣ್ಣು ಒಂದೇ ಸಲಕ್ಕೆ ಓದಿ ಮುಗಿಸಿಬಿಡುತ್ತದೆ. ಇನ್ನೊಂದು, ಮುಳ್ಳಯ್ಯನಗಿರಿಯಿಂದ ಬೆಳಿಗ್ಗೆ ಕಾಣುವ ಬೆಟ್ಟದ ಸಾಲು. 1930 ಮೀಟರ್ ಎತ್ತರದಿಂದ ನೋಡಿದರೆ ಹತ್ತಿರದ ಬೆಟ್ಟ ಕಡು, ಅದರ ಹಿಂದಿನದು ತಿಳಿ, ಅದರ ಹಿಂದಿನದು ಇನ್ನೂ ತಿಳಿ, ಕೊನೆಗೆ ಆಕಾಶಕ್ಕೂ ಬೆಟ್ಟಕ್ಕೂ ವ್ಯತ್ಯಾಸ ಇಲ್ಲ. ಕಾಫಿ ಹೂವಿನ ಫೋಟೋ ತುಂಬಾ ಜನ ತರುತ್ತಾರೆ. ನೋಡೋಕೆ ಚಂದ, ಆದರೆ ನನಗೆ ಅದು ಈ ಕೆಲಸಕ್ಕೆ ಅಷ್ಟಾಗಿ ಹಿಡಿಸಿಲ್ಲ. ಹೂವು ಬಿಳಿ, ಎಲೆ ಕಪ್ಪು ಹಸಿರು, ಕಣ್ಣಿಗೆ ಚುಚ್ಚುತ್ತದೆ.

ಮುಖ ಇರುವ ಫೋಟೋ ಬೇಡ. ಮುಖ ಕಂಡ ತಕ್ಷಣ ಕಣ್ಣು ಅಲ್ಲಿಗೇ ಹೋಗುತ್ತದೆ, ಇವರು ಯಾರು, ಏನು ಯೋಚಿಸುತ್ತಿದ್ದಾರೆ ಅಂತ ಲೆಕ್ಕ ಹಾಕುತ್ತದೆ. ಇದಕ್ಕೆ ನಾನು ಒಪ್ಪುವ ಒಂದೇ ವಿನಾಯಿತಿ ಶ್ರವಣಬೆಳಗೊಳದ ಗೊಮ್ಮಟ. 981ರಲ್ಲಿ ಕಡೆದ ಆ 58 ಅಡಿಯ ಮೂರ್ತಿಯ ಮುಖ ನಮ್ಮಿಂದ ಏನೂ ಕೇಳುವುದಿಲ್ಲ. ಅಕ್ಷರ ಇರುವುದಂತೂ ಬೇಡವೇ ಬೇಡ. ಸೂರ್ಯೋದಯದ ಮೇಲೆ "ಚಿಂತೆ ಬಿಡಿ, ನಗುತ್ತಿರಿ" ಅಂತ ಬರೆದಿರುತ್ತಾರಲ್ಲ, ಅದನ್ನು ಓದಿ ನನಗೆ ಚಿಂತೆ ಕಡಿಮೆಯಾಗಿದ್ದಿಲ್ಲ.

ಇನ್ನು ನೋಡುವ ಕ್ರಮ. ಹೆಚ್ಚಿನವರು ತಪ್ಪುವುದು ಇಲ್ಲೇ. ಒಳ್ಳೆ ಚಿತ್ರ ಹಾಕಿಕೊಂಡು ಒಂದು ಸಲ ನೋಡಿ ಬಿಡುತ್ತಾರೆ, ಆಮೇಲೆ ಏನೂ ಆಗಲಿಲ್ಲ ಅಂತಾರೆ. ಚಿತ್ರ ಮಾತ್ರೆ ಅಲ್ಲ ಅಲ್ವಾ? ನಿಧಾನವಾಗಿ ನೋಡುವುದೇ ಇಲ್ಲಿ ಕೆಲಸ ಮಾಡುವುದು, ಚಿತ್ರ ಅದಕ್ಕೊಂದು ನೆಪ.

ಚಿತ್ರವನ್ನು ಕೈಗೆಟುಕುವ ದೂರಕ್ಕಿಂತ ಸ್ವಲ್ಪ ಆಚೆ, ಕೂತಾಗ ಕಣ್ಣಿನ ಮಟ್ಟಕ್ಕೆ ಬರುವ ಹಾಗೆ ಇಡಿ. ಐದು ನಿಮಿಷ ಸಾಕು. ಕೂತು ಮೊದಲು ಹುಬ್ಬು ಸಡಿಲ ಬಿಡಿ, ಹಲ್ಲು ಕಚ್ಚಿದ್ದರೆ ಬಿಡಿ, ಭುಜ ಕಿವಿ ಹತ್ತಿರ ಬಂದಿದ್ದರೆ ಇಳಿಸಿ. ಟೆನ್ಷನ್ ಇರುವಾಗ ಈ ಮೂರೂ ನಮಗೆ ಗೊತ್ತಿಲ್ಲದೇ ಬಿಗಿದಿರುತ್ತವೆ. ಆಮೇಲೆ ಚಿತ್ರದ ನಾಲ್ಕು ಅಂಚನ್ನು ಒಂದು ಸುತ್ತು ನೋಡಿ. ಒಳಗೆ ಯಾವುದಾದರೂ ಒಂದು ಗೆರೆ ಆರಿಸಿಕೊಳ್ಳಿ. ಜರಿ ಎಲೆಯಾದರೆ ಬುಡದ ಒಂದು ಗರಿ, ಬೆಟ್ಟವಾದರೆ ಹತ್ತಿರದ ಬೆಟ್ಟದ ಅಂಚು. ಉಸಿರು ಬಿಡುತ್ತಾ ಆ ಗೆರೆಯ ಮೇಲೆ ಕಣ್ಣು ಹಾಯಿಸಿ. ಗೆರೆ ಮುಗಿಯುವ ಹೊತ್ತಿಗೆ ಉಸಿರು ಮುಗಿಯಲಿ. ಒಳಗೆ ಎಳೆದುಕೊಳ್ಳುವಾಗ ಕಣ್ಣು ಸುಮ್ನೆ ನಿಲ್ಲಲಿ. ಮತ್ತೆ ಬಿಡುವಾಗ ಮುಂದಿನ ಗೆರೆ. ಉಸಿರು ಬಿಡುವುದು ಎಳೆಯುವುದಕ್ಕಿಂತ ಉದ್ದ ಆದಾಗ ಎದೆಬಡಿತ ನಿಧಾನವಾಗುತ್ತದೆ, ಅದಕ್ಕೇ ಗೆರೆಯನ್ನು ಬಿಡುವ ಉಸಿರಿಗೆ ಕಟ್ಟಿದ್ದು. ಕಣ್ಣು ಮಿಟುಕಿಸುತ್ತಾ ನೋಡಬೇಡಿ, ದಿಟ್ಟಿಸಲೂ ಬೇಡಿ. ರೆಪ್ಪೆ ಬಡಿಯುವಷ್ಟು ಬಡಿಯಲಿ.

ಮನಸ್ಸು ಎಲ್ಲೋ ಹೋಗಿಯೇ ಹೋಗುತ್ತದೆ. ಪೇಪರಿನವನಿಗೆ ಕೊಡಬೇಕಾದ ಬಾಕಿ, ಮಗನ ಫೀಸು. ಪರವಾಗಿಲ್ಲ. ಕಣ್ಣು ಯಾವ ಗೆರೆಯಲ್ಲಿ ನಿಂತಿತ್ತು ಅಂತ ಹುಡುಕಿ ಅಲ್ಲಿಂದ ಮುಂದುವರಿಸಿ. ಗೆರೆ ಇರುವುದರ ಲಾಭ ಇದು, ವಾಪಸ್ ಬರಲು ಒಂದು ಜಾಗ ಇರುತ್ತದೆ. ಕೊನೆಗೆ ಯಾವ ಗೆರೆಯನ್ನೂ ಹಿಡಿಯದೆ ಇಡೀ ಚಿತ್ರ ಒಟ್ಟಿಗೆ ನೋಡಿ, ಎದ್ದು ಕಿಟಕಿ ಹತ್ತಿರ ಹೋಗಿ ಕಾಣುವಷ್ಟು ದೂರ ನೋಡಿ. ಮಾನಿಟರ್ ಮುಂದೆ ಕೂರುವವರಿಗೆ ಕಣ್ಣಿನ ಡಾಕ್ಟರ್‌ಗಳು ಹೇಳುವ ಲೆಕ್ಕವೂ ಇದೇ, 20 ನಿಮಿಷಕ್ಕೊಮ್ಮೆ 20 ಅಡಿ ದೂರ 20 ಸೆಕೆಂಡು.

ಟೆನ್ಷನ್ ನೆತ್ತಿಗೇರಿದ ದಿನವೇ ಮೊದಲ ಸಲ ಇದನ್ನು ಮಾಡಲು ಹೋಗಬೇಡಿ, ಕೂರೋಕೇ ಆಗಲ್ಲ. ಆರಾಮಾಗಿರುವ ದಿನಗಳಲ್ಲಿ ಅಭ್ಯಾಸ ಮಾಡಿಕೊಂಡಿರಿ.

ಕೂತು ನೋಡಲು ಆಗುವುದೇ ಇಲ್ಲ ಅನ್ನುವ ಜನ ಇದ್ದಾರೆ. ಅವರ ಕೈಗೆ ಕೆಲಸ ಕೊಡಬೇಕು. ಅದಕ್ಕೆ ನಮ್ಮಲ್ಲಿ ಚುಕ್ಕಿ ರಂಗೋಲಿಗಿಂತ ಒಳ್ಳೆಯದು ಇಲ್ಲ. ಗಂಡಸರೂ ಬಿಡಬಹುದು, ಪುಸ್ತಕದಲ್ಲಿ ಪೆನ್ಸಿಲ್ ಹಿಡಿದು ಬಿಟ್ಟರೆ ಯಾರು ಕೇಳುತ್ತಾರೆ? ಶುರು ಮಾಡಲು 5ರಿಂದ 3ಕ್ಕೆ ಸಂದು ಚುಕ್ಕಿ ಇಡಿ. ಅಂದರೆ ನಡುವಿನ ಸಾಲಿನಲ್ಲಿ 5, ಅದರ ಮೇಲೂ ಕೆಳಗೂ ಎರಡು ಚುಕ್ಕಿಯ ಸಂದಿಗೆ ಬರುವ ಹಾಗೆ 4, ಅದರಾಚೆ 3. ಒಟ್ಟು 19 ಚುಕ್ಕಿ, ಆರು ಮೂಲೆಯ ಆಕಾರ ಬರುತ್ತದೆ. ನಟ್ಟನಡುವಿನ ಚುಕ್ಕಿಯಿಂದ ಒಂದು ಮೂಲೆಯ ಚುಕ್ಕಿಗೆ ಎರಡು ಬಾಗಿದ ಗೆರೆ ಎಳೆಯಿರಿ, ಮಧ್ಯದ ಒಂದು ಚುಕ್ಕಿ ಅವುಗಳ ಒಳಗೆ ಸಿಕ್ಕಿಕೊಳ್ಳಬೇಕು. ಒಂದು ಎಸಳಾಯಿತು. ಹೀಗೇ ಆರು ಮೂಲೆಗೆ ಆರು ಎಸಳು. ಎಸಳಿನ ನಡುವೆ ಹೊರಗಡೆ ಒಂದೊಂದು ಚುಕ್ಕಿ ಉಳಿದಿರುತ್ತದೆ. ಎಸಳಿನ ತುದಿಯಿಂದ ಪಕ್ಕದ ಎಸಳಿನ ತುದಿಗೆ, ಆ ಚುಕ್ಕಿಯ ಹೊರಗಿನಿಂದ ಬಾಗಿಸಿ ಗೆರೆ ಎಳೆದರೆ ಮುಗಿಯಿತು. ಚುಕ್ಕಿ ಇಡುವಾಗಲೇ ಅರ್ಧ ಸಮಾಧಾನ ಬಂದಿರುತ್ತದೆ, ಯಾಕೆಂದರೆ ಚುಕ್ಕಿಗೆ ಅಂತರ ಸಮ ಬರಬೇಕಾದರೆ ಕೈ ಅವಸರ ಮಾಡುವ ಹಾಗಿಲ್ಲ. ನನ್ನ ಅಮ್ಮ ರೇಗಿದ ದಿನ ಬಾಗಿಲಲ್ಲಿ ದೊಡ್ಡ ರಂಗೋಲಿ ಬೀಳುತ್ತಿತ್ತು. ಮನೆಯವರಿಗೆಲ್ಲ ಗೊತ್ತಾಗುತ್ತಿತ್ತು.

ಬಣ್ಣ ತುಂಬುವುದೂ ಹೀಗೇ. 2005ರಲ್ಲಿ ಕರಿ ಮತ್ತು ಕ್ಯಾಸರ್ ಅನ್ನುವ ಇಬ್ಬರು ಅಮೆರಿಕದ ಸಂಶೋಧಕರು 84 ಕಾಲೇಜು ವಿದ್ಯಾರ್ಥಿಗಳಿಗೆ 20 ನಿಮಿಷ ಬಣ್ಣ ತುಂಬಲು ಹೇಳಿದರು. ಕೆಲವರಿಗೆ ಮಂಡಲ ಅನ್ನುವ ದುಂಡನೆಯ ವಿನ್ಯಾಸ, ಕೆಲವರಿಗೆ ಚೌಕಳಿ, ಕೆಲವರಿಗೆ ಖಾಲಿ ಹಾಳೆ. ಮಂಡಲ, ಚೌಕಳಿ ಎರಡರಲ್ಲೂ ಆತಂಕ ಚೆನ್ನಾಗಿ ಇಳಿಯಿತು, ಖಾಲಿ ಹಾಳೆಯವರಲ್ಲಿ ಅಷ್ಟು ಇಳಿಯಲಿಲ್ಲ. ಹಾಗಾಗಿ ಮಂಡಲಕ್ಕೇ ಏನೋ ಶಕ್ತಿ ಇದೆ ಅಂತ ದುಬಾರಿ ಪುಸ್ತಕ ಕೊಳ್ಳಬೇಕಿಲ್ಲ. ಲೆಕ್ಕದ ಪುಸ್ತಕದ ಚೌಕಗಳೇ ಸಾಕು. ನನ್ನ ತಂಗಿ ಮಗಳು ಸೆಕೆಂಡ್ ಪಿಯುಸಿ ಪರೀಕ್ಷೆ ಹೊತ್ತಿನಲ್ಲಿ ಅದನ್ನೇ ಮಾಡುತ್ತಿದ್ದಳು, ಎರಡೇ ಬಣ್ಣ, ನೀಲಿ ಮತ್ತು ಹಸಿರು.

ಮನೆಯಿಂದ ಹೊರಗೆ ಹೋಗಲು ಆದರೆ ಹಳೇಬೀಡಿಗೆ ಹೋಗಿ. ನೋಡಿದ್ದೀವಲ್ಲ, ಶಾಲೆಯಲ್ಲಿ ಕರಕೊಂಡು ಹೋಗಿದ್ದರು ಅಂತೀರಿ. ಆಗ ಎಲ್ಲ ನೋಡಿಸಿರುತ್ತಾರೆ, ಈಗ ಒಂದೇ ಒಂದು ಪಟ್ಟಿ ನೋಡಿ ಬನ್ನಿ. ಹೊಯ್ಸಳೇಶ್ವರ ಗುಡಿಯ ಹೊರಗೋಡೆಯ ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಮತ್ತೆ ಬಳ್ಳಿ, ಕಥೆಗಳು, ಮಕರ, ಹಂಸ ಹೀಗೆ ಪಟ್ಟಿ ಮೇಲೆ ಪಟ್ಟಿ. ಬಳ್ಳಿಯ ಪಟ್ಟಿ ಆರಿಸಿಕೊಳ್ಳಿ. ಬಲಗೈ ಕಡೆ ಗೋಡೆ ಇಟ್ಟುಕೊಂಡು ನಿಧಾನ ನಡೆಯಿರಿ. ಬಳ್ಳಿ ಸುರುಳಿ ಸುತ್ತುತ್ತದೆ, ಬಿಚ್ಚುತ್ತದೆ, ಇನ್ನೊಂದು ಕಡೆ ಸುತ್ತುತ್ತದೆ. ಗೋಡೆ ನಕ್ಷತ್ರದ ಹಾಗೆ ಮಡಿಚಿಕೊಂಡಿರುವುದರಿಂದ ಬಳ್ಳಿ ಮೂಲೆಯಲ್ಲಿ ಮಾಯವಾಗಿ, ಎರಡು ಹೆಜ್ಜೆ ಇಟ್ಟಾಗ ಮತ್ತೆ ಸಿಗುತ್ತದೆ. ಬೇಲೂರಿನಲ್ಲಾದರೆ ಬುಡದ ಆನೆಗಳನ್ನೇ ಹಿಡಿಯಿರಿ. ಸುಮಾರು 650 ಆನೆ, ಒಂದರ ಹಾಗೆ ಇನ್ನೊಂದಿಲ್ಲ ಅಂತಾರೆ. ಒಂದು ಸೊಂಡಿಲು ಮೇಲೆತ್ತಿದ್ದರೆ ಪಕ್ಕದ್ದು ಮಡಿಚಿಕೊಂಡಿರುತ್ತದೆ. ಒಂದೇ ಥರ, ಆದರೆ ಒಂದೇ ಅಲ್ಲ. 1117ರಲ್ಲಿ ಪ್ರತಿಷ್ಠೆಯಾದ ಗುಡಿಯ ಶಿಲ್ಪಿಗಳಿಗೆ ಕಾಪಿ ಪೇಸ್ಟ್ ಇರಲಿಲ್ಲ, ನಮ್ಮ ಪುಣ್ಯ.

ಬೆಳಿಗ್ಗೆ ಬೇಗ ಹೋಗಿ. ಓರೆ ಬಿಸಿಲಿನಲ್ಲಿ ಕೆತ್ತನೆಯ ಆಳ ಚೆನ್ನಾಗಿ ಕಾಣುತ್ತದೆ. ಮಧ್ಯಾಹ್ನ ಕಲ್ಲು ಕಾದು ಅಂಗಾಲು ಸುಡುತ್ತದೆ, ಸಮಾಧಾನ ಎಲ್ಲಿಂದ ಬರಬೇಕು? 2023ರಲ್ಲಿ ಎರಡೂ ಗುಡಿ ಯುನೆಸ್ಕೊ ಪಟ್ಟಿಗೆ ಸೇರಿವೆ, ಶನಿವಾರ ಭಾನುವಾರ ಜನ ಜಾಸ್ತಿ. ಜನ ಬೇಡ ಅಂದರೆ ಹಾಸನದಿಂದ ಬೇಲೂರಿನ ದಾರಿಯಲ್ಲಿ ದೊಡ್ಡಗದ್ದವಳ್ಳಿಗೆ ತಿರುಗಿಕೊಳ್ಳಿ. ಕೆರೆ ಪಕ್ಕದ ಲಕ್ಷ್ಮೀದೇವಿ ಗುಡಿ, ಗೋಡೆಯಲ್ಲಿ ಅಷ್ಟು ಕೆತ್ತನೆ ಇಲ್ಲ. ಆದರೆ ಗೋಪುರ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹೋಗುತ್ತಾ ಕಿರಿದಾಗುವುದನ್ನು ಕೆರೆ ಕಡೆಯಿಂದ ನೋಡುತ್ತಾ ಕೂತರೆ ಹೊತ್ತು ಹೋಗಿದ್ದು ಗೊತ್ತಾಗುವುದಿಲ್ಲ. ನನಗೆ ಕೇಳಿದರೆ ಟೆನ್ಷನ್‌ಗೆ ಹಳೇಬೀಡಿಗಿಂತ ಇದೇ ವಾಸಿ.

ಬೇಡದ್ದನ್ನೂ ಹೇಳಿಬಿಡುತ್ತೇನೆ. ಒತ್ತೊತ್ತಾದ ಕಪ್ಪು ಬಿಳಿ ಪಟ್ಟೆ ಯಾರಿಗೂ ಒಳ್ಳೆಯದಲ್ಲ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಆರ್ನಾಲ್ಡ್ ವಿಲ್ಕಿನ್ಸ್ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಅಂಥ ಪಟ್ಟೆ ಕಣ್ಣಿಗೆ ಹಿಂಸೆ ಕೊಡುತ್ತದೆ, ಮೈಗ್ರೇನ್ ಇರುವವರಿಗೆ ತಲೆನೋವು ಎಬ್ಬಿಸಬಹುದು, ಕೆಲವು ಬಗೆಯ ಮೂರ್ಛೆ ರೋಗ ಇರುವವರಿಗೆ ಫಿಟ್ಸ್ ತರಬಹುದು. ಮಿಣಮಿಣ ಮಿನುಗುವುದು ಇನ್ನೂ ಅಪಾಯ. 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಪೊಕೆಮಾನ್ ಕಾರ್ಟೂನಿನ ಒಂದು ಕಂತಿನಲ್ಲಿ ಕೆಂಪು ನೀಲಿ ಬೆಳಕು ಬೇಗ ಬೇಗ ಮಿನುಗಿ ನೂರಾರು ಮಕ್ಕಳು ಆಸ್ಪತ್ರೆ ಸೇರಿದ್ದರು. ಹಾಗಾಗಿ "ಇದನ್ನು 30 ಸೆಕೆಂಡು ದಿಟ್ಟಿಸಿ, ರಿಲ್ಯಾಕ್ಸ್ ಆಗಿ" ಅಂತ ಬರುವ ಸುತ್ತುವ ಸುಳಿಗಳ ವಿಡಿಯೋ ನೋಡಬೇಡಿ. ಸೋಪು ಕತ್ತರಿಸುವ, ಬಣ್ಣ ಕಲಸುವ ರೀಲ್ಸ್ ಒಂದೆರಡು ನಿಮಿಷ ಹಿತ ಅನಿಸುತ್ತದೆ, ನಿಜ. ಆದರೆ ಅದರ ಹಿಂದೆಯೇ ಇನ್ನೊಂದು ಬರುತ್ತದೆ, ಮೂರನೆಯದು ಯಾರದೋ ಜಗಳ.

ಫೋನಿನ ವಾಲ್‌ಪೇಪರ್ ಮಾಡಿಕೊಳ್ಳುವುದೂ ಅಷ್ಟಕ್ಕಷ್ಟೇ. ಟೆನ್ಷನ್ ಕೊಟ್ಟ ಮೆಸೇಜು ಬರುವುದೂ ಅದೇ ಫೋನಿಗೆ ತಾನೇ.

ಇದಿಷ್ಟೂ ದಿನನಿತ್ಯದ ಟೆನ್ಷನ್‌ಗೆ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನಿಸುತ್ತಿದೆ ಅಂದರೆ ಚಿತ್ರ ಹಿಡಿದು ಕೂರಬೇಡಿ. 14416ಕ್ಕೆ ಫೋನ್ ಮಾಡಿ. ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿ ಅದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಎದೆ ನೋವು ಬಂದರೆ ಟೆನ್ಷನ್ ಇರಬೇಕು ಅಂದುಕೊಂಡು ಕಾಯದೆ ನೇರ ಆಸ್ಪತ್ರೆಗೆ ಹೋಗಿ.

ಪ್ರಿಂಟ್ ಹಾಕಿಸುವ ವಿಷಯ ಬಾಕಿ ಇದೆ. ಎ4 ಸೈಜು ಮೇಜಿಗೆ ಸಾಕು, ಗೋಡೆಗಾದರೆ ಎ3. ಮ್ಯಾಟ್ ಪೇಪರ್ ಕೇಳಿ. ಗ್ಲಾಸಿ ಹಾಕಿಸಿದರೆ ಟ್ಯೂಬ್‌ಲೈಟು ಅದರಲ್ಲಿ ಹೊಳೆಯುತ್ತದೆ, ಗಾಜಿನ ಫ್ರೇಮೂ ಅದೇ ಕಥೆ. ಎರಡು ಮೂರು ಚಿತ್ರ ಮಾಡಿಸಿಟ್ಟುಕೊಂಡು ಬದಲಾಯಿಸುತ್ತಿರಿ, ಒಂದೇ ಇದ್ದರೆ ಸ್ವಲ್ಪ ದಿನಕ್ಕೆ ಅದು ಅಲ್ಲಿದೆ ಅನ್ನುವುದೇ ಮರೆತುಹೋಗುತ್ತದೆ. ಮತ್ತೆ ಅಂಗಡಿಯ ಹುಡುಗ ಫೈಲ್ ತೆರೆದ ಕೂಡಲೇ "ಡಲ್ ಇದೆ, ಕಲರ್ ಸ್ವಲ್ಪ ಎತ್ಲಾ?" ಅಂತ ಕೇಳುತ್ತಾನೆ. ನನ್ನ ಅಂಗಡಿಯ ಹುಡುಗನೂ ಕೇಳುತ್ತಾನೆ. ಬೇಡ ಅನ್ನಿ.